ಆರದ ಒಲೆಯ ಲೆಕ್ಕ

ರೇಂಜ್ ಅಂದ ಕೂಡಲೇ ನಮ್ಮ ಮಲೆನಾಡಿನ ಕಡೆಯವರಿಗೆ ನೆನಪಾಗೋದು ಮೊಬೈಲು. ಮನೆ ಹಿಂದಿನ ಗುಡ್ಡ ಹತ್ತಿದರೆ ಮಾತ್ರ ಸಿಗುವ ಆ ರೇಂಜು. ಐರ್ಲೆಂಡಿನ ಹಳ್ಳಿಗಳಲ್ಲಿ ರೇಂಜ್ ಅಂದರೆ ಒಲೆ. ಬರೀ ಒಲೆ ಅಂದರೂ ಸಾಲದು. ನಾಲ್ಕಾಳು ಸೇರಿದರೂ ಸುಲಭಕ್ಕೆ ಅಲುಗದ ಎರಕದ ಕಬ್ಬಿಣದ ಪೆಟ್ಟಿಗೆ ಅದು. ಎದೆಯಲ್ಲಿ ಬೆಂಕಿ, ಪಕ್ಕದಲ್ಲಿ ಓವನ್ನು, ತಲೆಯ ಮೇಲೆ ಪಾತ್ರೆ ಇಡೋದಕ್ಕೆ ದಪ್ಪ ಕಬ್ಬಿಣದ ಹಾಸು, ಬೆನ್ನಿಗೆ ನೀರಿನ ಬಾಯ್ಲರು. ಆ ಬಾಯ್ಲರಿನ ಬಿಸಿನೀರು ಪೈಪಿನಲ್ಲಿ ಹೊರಟು ಕೋಣೆ ಕೋಣೆಯ ರೇಡಿಯೇಟರು ಸುತ್ತಿ ವಾಪಸು ಬರುತ್ತೆ, ಸ್ನಾನದ ನೀರನ್ನೂ ಅದೇ ಕಾಯಿಸುತ್ತೆ. ಅಡುಗೆಗೆ, ಸ್ನಾನಕ್ಕೆ, ಚಳಿಗೆ ಎಲ್ಲಕ್ಕೂ ಒಂದೇ ಬೆಂಕಿ. ಅಕ್ಟೋಬರಿನಲ್ಲಿ ಹಚ್ಚಿದರೆ ಏಪ್ರಿಲ್ ತನಕ ಅದನ್ನು ಪೂರ್ತಿ ಆರಲು ಬಿಡೋ ಹಾಗಿಲ್ಲ.

ಆಫಲಿ ಕೌಂಟಿಯಲ್ಲಿ ನಾವು ಈ ಹಳೇ ಮನೆ ಕೊಂಡಾಗ ಒಲೆ ಮನೆಯ ಜೊತೆಗೇ ಬಂತು. ಅದರ ಜೊತೆ ಬದುಕೋದು ಹಸು ಸಾಕಿದ ಹಾಗೆ. ಬೆಳಿಗ್ಗೆ ಎದ್ದು ಮೊದಲು ಅದರ ಮುಖ ನೋಡಬೇಕು. ಹಿಡಿ ಅಲ್ಲಾಡಿಸಿ ಜಾಲರಿಯ ಮೇಲಿನ ಬೂದಿ ಕೆಳಗೆ ಬೀಳಿಸಬೇಕು, ಬೂದಿಯ ತಟ್ಟೆ ಎಳೆದು ಹೊರಗೆ ಒಯ್ದು ಕಬ್ಬಿಣದ ಡಬ್ಬಕ್ಕೆ ಸುರಿಯಬೇಕು, ಉಳಿದ ಕೆಂಡದ ಮೇಲೆ ಎರಡು ತುಂಡು ಇಟ್ಟು ಗಾಳಿಕಂಡಿ ತೆರೆಯಬೇಕು. ಗಾಳಿ ಜಾಸ್ತಿ ಬಿಟ್ಟರೆ ಶಾಖವೆಲ್ಲ ಚಿಮಣಿಯಲ್ಲಿ ಹಾರಿಹೋಗುತ್ತೆ. ಕಡಿಮೆ ಬಿಟ್ಟರೆ ಬೆಂಕಿ ಮುಸುಮುಸು ಅಂತ ಹೊಗೆಯಾಡಿ ಚಿಮಣಿಯೊಳಗೆ ಟಾರು ಕಟ್ಟುತ್ತೆ. ವಿಪರೀತ ಚಳಿಯಲ್ಲಿ ನಾಲ್ಕು ದಿನ ಮನೆ ಬಿಟ್ಟುಹೋಗಿ ಬಂದರೆ ಅವಸರ ಮಾಡೋ ಹಾಗಿಲ್ಲ. ಪೈಪಿನ ನೀರು ಹೆಪ್ಪುಗಟ್ಟಿರುವಾಗ ಬೆಂಕಿ ಹಾಕಿದರೆ ಬಾಯ್ಲರೇ ಸಿಡಿಯಬಹುದು.

ಇಷ್ಟೆಲ್ಲ ಮಾಡಿಸಿಕೊಂಡ ಮೇಲೆ ಅದು ಕೊಡೋದೂ ಬಹಳ ಇದೆ. ಐರ್ಲೆಂಡಿನ ಚಳಿಯಲ್ಲಿ ದೋಸೆಹಿಟ್ಟು ಹುಳಿ ಬರಿಸೋದು ಎಷ್ಟು ಕಷ್ಟ ಅಂತ ಇಲ್ಲಿರುವ ಕನ್ನಡದವರನ್ನು ಕೇಳಿ. ಮೈಕ್ರೋವೇವಿನೊಳಗೆ ಬಿಸಿನೀರಿನ ಲೋಟದ ಜೊತೆ ಇಡುವವರಿದ್ದಾರೆ, ಹೊದಿಕೆ ಸುತ್ತಿ ಮಗುವಿನ ಹಾಗೆ ಮಲಗಿಸುವವರಿದ್ದಾರೆ. ನಮ್ಮಲ್ಲಿ ರೇಂಜಿನ ಪಕ್ಕದ ಸ್ಟೂಲಿನ ಮೇಲೆ ಇಟ್ಟರೆ ಬೆಳಿಗ್ಗೆ ಪಾತ್ರೆ ತುಂಬಿ ಉಕ್ಕಿರುತ್ತೆ. ಮೊಸರು ಹೆಪ್ಪಾಗುತ್ತೆ. ಹುರುಳಿಕಟ್ಟನ್ನು ಒಲೆಯ ಮೂಲೆಯಲ್ಲಿಟ್ಟು ಮರೆತುಬಿಟ್ಟರೆ ಇಡೀ ದಿನ ಸಣ್ಣಗೆ ಕುದ್ದು ಸಂಜೆಗೆ ಅಮ್ಮನ ಕೈಯ ಬಣ್ಣಕ್ಕೆ ಬರುತ್ತೆ. ಮೇಲೆ ಗಳಕ್ಕೆ ಹಾಕಿದ ಬಟ್ಟೆ ಒಣಗುತ್ತೆ, ಮಳೆಗಾಲದಲ್ಲಿ ಬಚ್ಚಲೊಲೆಯ ಹತ್ತಿರ ಒಣಗ್ತಿತ್ತಲ್ಲ, ಹಾಗೆ. ಇದೆಲ್ಲಕ್ಕಿಂತ ದೊಡ್ಡದೊಂದಿದೆ. ಬೆಚ್ಚಗಿರೋ ಕೋಣೆ ಒಂದೇ ಆದ್ದರಿಂದ ಎಲ್ಲರೂ ಅಲ್ಲೇ ಬಂದು ಕೂರ್ತಾರೆ. ಹದಿನೈದು ತುಂಬಿದ ಮಗ ಕೂಡ. ಪ್ರತಿ ಕೋಣೆಗೂ ಒಂದೊಂದು ಥರ್ಮೋಸ್ಟಾಟ್ ಇರುವ ಮನೆಗಳಲ್ಲಿ ಹದಿನೈದು ತುಂಬಿದವರನ್ನು ನೋಡಬೇಕಾದರೆ ಮೆಸೇಜ್ ಕಳಿಸಬೇಕು.

ಈ ಒಲೆ ಸಿಕ್ಕಿದ ಹೊಸತರಲ್ಲಿ ಅಮ್ಮನಿಗೆ ಫೋನ್ ಮಾಡಿ ಖುಷಿಯಿಂದ ಹೇಳಿದ್ದೆ. ಅಮ್ಮ ಒಂದು ಕ್ಷಣ ಸುಮ್ಮನಿದ್ದು, "ಅಯ್ಯೋ, ಅಷ್ಟು ದೂರ ಹೋದ್ರೂ ಒಲೆ ಊದೋದು ತಪ್ಲಿಲ್ವೇನೇ ನಿಂಗೆ?" ಅಂದಳು. ಆಮೇಲೆ ಇನ್ನೊಂದು ಪ್ರಶ್ನೆ: "ಬೂದಿ ತೆಗಿಯೋದು ಯಾರು?"

ಈ ಎರಡನೇ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಒಲೆಯ ಬಗ್ಗೆ ಯಾರು ಏನೇ ಚೆಂದದ ಮಾತಾಡಲಿ, ನನ್ನ ಕಿವಿಯಲ್ಲಿ ಅಮ್ಮನ ದನಿ ಕೇಳುತ್ತೆ.

ಇಂಥ ಒಲೆ ಇಟ್ಟುಕೊಂಡವರು ಸಾಮಾನ್ಯವಾಗಿ ಹೇಳುವ ಒಂದು ಸಮರ್ಥನೆ ಇದೆ. ಉರುವಲನ್ನು ಕೈಯಾರೆ ಹೊತ್ತು ತಂದಾಗ ನಮಗೆ ಅದರ ತೂಕ ಗೊತ್ತಾಗುತ್ತೆ, ಹಾಗಾಗಿ ನಾವು ಹಿಡಿತದಲ್ಲಿ ಬಳಸ್ತೀವಿ, ಗೋಡೆಯ ಗುಂಡಿ ಒತ್ತುವವನಿಗೆ ಆ ಎಚ್ಚರ ಇರೋದಿಲ್ಲ ಅಂತ. ಇದರಲ್ಲಿ ಅರ್ಧ ನಿಜ ಇದೆ. ಜನವರಿಯ ಮಳೆಯಲ್ಲಿ ಕೊಟ್ಟಿಗೆಯಿಂದ ಮೂರನೇ ಬುಟ್ಟಿ ತರಲು ಹೊರಟಾಗ, ಸ್ವೆಟರ್ ಹಾಕ್ಕೊಂಡರೆ ಸಾಕಲ್ವಾ ಅಂತ ಮನಸ್ಸು ತಾನಾಗಿಯೇ ಕೇಳುತ್ತೆ. ಆದರೆ ಎಚ್ಚರ ಇದ್ದ ಮಾತ್ರಕ್ಕೆ ಮಾಡಿದ್ದು ಸರಿಯಾಗುತ್ತೆ ಅಂತೇನಿಲ್ಲ. ಮರ ಕಡಿಯುವಾಗ ಕ್ಷಮೆ ಕೇಳಿ ಕಡಿದರೂ ಮರ ಬೀಳುತ್ತೆ. ಜೊತೆಗೆ ಈ ಎಚ್ಚರದ ಮಾತಾಡುವವರು ಬಹುಪಾಲು ಒಲೆಯನ್ನು ಆಯ್ಕೆ ಮಾಡಿಕೊಂಡವರು. ಅಮ್ಮನಿಗೆ ಆಯ್ಕೆ ಇರಲಿಲ್ಲ. ನಲವತ್ತು ವರ್ಷ ಸೌದೆಯ ಹೊಗೆ ಕುಡಿದ ಅವಳಿಗೆ ಉರುವಲಿನ ತೂಕ ಎಷ್ಟು ಅಂತ ಯಾರೂ ಕಲಿಸಬೇಕಾಗಿರಲಿಲ್ಲ. ಗ್ಯಾಸ್ ಬಂದ ದಿನ ಅವಳು ಒಲೆಗೆ ಕೈಮುಗಿದು ಕಣ್ಣೀರೇನೂ ಹಾಕಲಿಲ್ಲ. ಎರಡು ವರ್ಷದಲ್ಲಿ ಅಡುಗೆಮನೆಯ ಗೋಡೆಗೆ ಬಿಳಿ ಬಣ್ಣ ಹೊಡೆಸಿದಳು. ಅಡುಗೆಮನೆ ಬೆಳ್ಳಗಿರಬಹುದು ಅನ್ನೋದೇ ಅವಳಿಗೆ ಒಂದು ಸುದ್ದಿ.

ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು ಮೂವತ್ತು ಲಕ್ಷ ಜನ ಸಾಯ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಶುರು ಮಾಡಿದ 'ಅಸ್ತ್ರ' ಕೇಂದ್ರದವರು ಮೂರು ಪಾತ್ರೆಯ, ಹೊಗೆಕೊಳವೆ ಇರುವ ಅಸ್ತ್ರ ಒಲೆ ಮಾಡಿದ್ದು ಈ ಕಾರಣಕ್ಕೇ. ಸೌದೆ ಉಳಿಯಬೇಕು, ಹೊಗೆ ಹೊರಗೆ ಹೋಗಬೇಕು. ಆ ಕೊಳವೆ ಹೆಂಗಸಿನ ಕಣ್ಣು ಉಳಿಸಿತು. ಹೊರಗೆ ಹೋದ ಹೊಗೆ ಎಲ್ಲಿಗೆ ಹೋಗುತ್ತೆ ಅನ್ನೋ ಪ್ರಶ್ನೆ ಕೇಳುವಷ್ಟು ಬಿಡುವು ಆಗ ಯಾರಿಗೂ ಇರಲಿಲ್ಲ, ಕೇಳಬೇಕಾದ ಸರದಿಯೂ ಅವರದಾಗಿರಲಿಲ್ಲ.

ಯುರೋಪಿನ ಈ ಆರದ ಒಲೆಯ ಕಥೆಯಲ್ಲೂ ಒಬ್ಬ ಹೆಂಗಸಿನ ಶ್ರಮ ಇದೆ. ಇಂಗ್ಲೆಂಡಿನ ಹಳ್ಳಿಮನೆಗಳಲ್ಲಿ ಪ್ರಸಿದ್ಧವಾದ ಆಗಾ ಒಲೆಯನ್ನು 1922ರಲ್ಲಿ ಕಂಡುಹಿಡಿದವರು ಸ್ವೀಡನ್ನಿನ ಗುಸ್ತಾಫ್ ಡಾಲೆನ್. ಭೌತಶಾಸ್ತ್ರಕ್ಕೆ ನೊಬೆಲ್ ಪಡೆದವರು. 1912ರಲ್ಲಿ, ನೊಬೆಲ್ ಬಂದ ವರ್ಷವೇ, ಅಸಿಟಿಲೀನ್ ಪರೀಕ್ಷೆ ಮಾಡುವಾಗ ಸ್ಫೋಟವಾಗಿ ಎರಡೂ ಕಣ್ಣು ಹೋಯಿತು. ಬಹುಮಾನ ತಗೊಳ್ಳೋಕೆ ಅಣ್ಣ-ತಮ್ಮಂದಿರಲ್ಲಿ ಒಬ್ಬರು ಹೋಗಬೇಕಾಯ್ತು. ಕಣ್ಣಿಲ್ಲದೆ ಮನೆಯಲ್ಲಿ ಕೂತ ಮೇಲೆ ಹೆಂಡತಿ ಎಲ್ಮಾ ಇಡೀ ದಿನ ಒಲೆ ಕಾಯೋದು ಅವರ ಗಮನಕ್ಕೆ ಬಂತು, ಪದೇ ಪದೇ ನೋಡಿಕೊಳ್ಳಬೇಕಾಗಿಲ್ಲದ ಒಲೆ ಮಾಡಬೇಕು ಅನ್ನಿಸಿತು ಅಂತ ಹೇಳ್ತಾರೆ. ಭಾರೀ ಎರಕದ ಕಬ್ಬಿಣ, ಸುತ್ತ ಶಾಖ ಹಿಡಿದಿಡುವ ಪದರ, ಒಳಗೆ ಸಣ್ಣ ಬೆಂಕಿ, ಯಾವಾಗಲೂ.

ನನಗೆ ಇದರಲ್ಲಿ ಬಹಳ ಕುತೂಹಲ ಹುಟ್ಟಿಸಿದ್ದು ಬೇರೆಯೇ. ಡಾಲೆನ್‌ಗೆ ನೊಬೆಲ್ ಬಂದಿದ್ದು ಸಮುದ್ರದ ದೀಪಸ್ತಂಭಗಳ ಕೆಲಸಕ್ಕೆ. ಸೂರ್ಯ ಹುಟ್ಟಿದ ಕೂಡಲೇ ಗ್ಯಾಸನ್ನು ತಾನೇ ನಿಲ್ಲಿಸಿ, ಕತ್ತಲಾದಾಗ ತಾನೇ ಹಚ್ಚುವ ಕವಾಟ ಅವರದು. ಬೇಡದ ಹೊತ್ತಿನಲ್ಲಿ ಉರಿಯದಿರುವ ದೀಪ. ಅದೇ ಮನುಷ್ಯ ಮನೆಗೆ ಮಾಡಿದ್ದು ಯಾವತ್ತೂ ಆರದ ಒಲೆ. ಒಂದರಲ್ಲಿ ಉರುವಲು ಉಳಿಸಿದರು, ಇನ್ನೊಂದರಲ್ಲಿ ಹೆಂಡತಿಯ ಹೊತ್ತು ಉಳಿಸಿದರು. ಎರಡೂ ಒಳ್ಳೆಯವೇ. ಎರಡನ್ನೂ ಒಟ್ಟಿಗೆ ಉಳಿಸೋದು ಅಷ್ಟು ಸಲೀಸಲ್ಲ.

ಬೆಂಕಿ ಆರಬಾರದು ಅನ್ನೋದು ಹಳೇ ಕಾಲದಲ್ಲಿ ಎಲ್ಲ ಕಡೆ ಪುಣ್ಯದ ಮಾತೇ. ನಮ್ಮಲ್ಲಿ ಆಹಿತಾಗ್ನಿಗಳು ಗಾರ್ಹಪತ್ಯವನ್ನು ಜೀವಮಾನವಿಡೀ ಕಾಯ್ತಿದ್ದರು. ಅಷ್ಟು ದೂರ ಹೋಗೋದೂ ಬೇಡ, ರಾತ್ರಿ ಮಲಗುವ ಮುಂಚೆ ಕೆಂಡಕ್ಕೆ ಬೂದಿ ಮುಚ್ಚಿಡೋದು ಎಲ್ಲ ಮನೆಯಲ್ಲೂ ಇತ್ತು. ಐರ್ಲೆಂಡಿನಲ್ಲೂ ಅದೇ. ಸಂತ ಬ್ರಿಜಿಡಳನ್ನು ನೆನೆದು ಕೆಂಡ ಮುಚ್ಚಿ ಮಲಗುತ್ತಿದ್ದರು. ಇಲ್ಲಿಂದ ದೂರವಿಲ್ಲದ ಕಿಲ್ಡೇರ್ ಊರಿನಲ್ಲಿ ಬ್ರಿಜಿಡಳ ಹೆಸರಿನ ಆರದ ಬೆಂಕಿಯೇ ಇತ್ತು. ಹನ್ನೆರಡನೇ ಶತಮಾನದಲ್ಲಿ ಜೆರಾಲ್ಡ್ ಆಫ್ ವೇಲ್ಸ್ ಎಂಬ ಪಾದ್ರಿ ಅದರ ಬಗ್ಗೆ ಬರೆದಿದ್ದಾರೆ. ಹತ್ತೊಂಬತ್ತು ಸನ್ಯಾಸಿನಿಯರು ರಾತ್ರಿಗೊಬ್ಬರಂತೆ ಬೆಂಕಿ ಕಾಯ್ತಿದ್ದರಂತೆ, ಇಪ್ಪತ್ತನೇ ರಾತ್ರಿ ಬ್ರಿಜಿಡಳೇ ಬಂದು ಕಾಯ್ತಿದ್ದಳಂತೆ. ಅಷ್ಟು ಕಾಲ ಅಷ್ಟು ಸೌದೆ ಉರಿದರೂ ಅಲ್ಲಿ ಬೂದಿ ಮಾತ್ರ ಹೆಚ್ಚಾಗುತ್ತಿರಲಿಲ್ಲವಂತೆ!

ಬೆಂಕಿ ಆರದಿರೋದಕ್ಕಿಂತ ಬೂದಿ ಹೆಚ್ಚಾಗದಿರೋದೇ ನಿಜವಾದ ಪವಾಡ ಅಂತ ಓದಿದಾಗ ನನಗನ್ನಿಸಿತು. ಇದನ್ನು ಬರೆದದ್ದು ಗಂಡಸು ಅಂತಲೂ ಅನ್ನಿಸಿತು, ಇರಲಿ. ಮನುಷ್ಯರಿಗೆಲ್ಲ ಬೇಕಾಗಿರೋದು ಅದೇ ಅಲ್ವಾ? ಬೆಚ್ಚಗಿರಬೇಕು, ಬೂದಿ ಇರಬಾರದು. ಬಟನ್ ಒತ್ತಿದರೆ ಬೆಚ್ಚಗಾಗುವ ಮನೆಯಲ್ಲಿ ಬೂದಿ ಕಾಣೋದಿಲ್ಲ. ಆದರೆ ಇದೇ ಆಫಲಿಯ ಶ್ಯಾನನ್‌ಬ್ರಿಜ್‌ನಲ್ಲಿ 2020ರ ಡಿಸೆಂಬರ್ ತನಕ ಟರ್ಫ್ ಉರಿಸಿ ವಿದ್ಯುತ್ ಮಾಡುವ ದೊಡ್ಡ ಸ್ಥಾವರ ಇತ್ತು. ಡಬ್ಲಿನ್ನಿನ ಫ್ಲಾಟಿನ ಹೀಟರಿನ ಬೂದಿಯಲ್ಲಿ ಒಂದಿಷ್ಟು ಇಲ್ಲಿ ಬೀಳ್ತಿತ್ತು.

ಟರ್ಫ್ ಅಂದರೇನು ಅಂತ ಹೇಳದೆ ಮುಂದೆ ಹೋಗೋ ಹಾಗಿಲ್ಲ. ಇಲ್ಲಿನ ನಡುನಾಡಿನ ತುಂಬ ಜವುಗು ನೆಲ, ಬಾಗ್ ಅಂತಾರೆ. ಹಿಮಯುಗ ಮುಗಿದ ಮೇಲೆ, ಸುಮಾರು ಹತ್ತು ಸಾವಿರ ವರ್ಷದಿಂದ, ನೀರಿನಲ್ಲಿ ಬೆಳೆದ ಪಾಚಿ ಪೂರ್ತಿ ಕೊಳೆಯದೆ ಒಂದರ ಮೇಲೊಂದು ಕೂತು ಆದ ನೆಲ ಅದು. ಅದನ್ನೇ ಇಟ್ಟಿಗೆಯ ಹಾಗೆ ಕೊಯ್ದು ಒಣಗಿಸಿದರೆ ಉರುವಲು. ಈ ನೆಲ ಬೆಳೆಯೋದು ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್. ಒಂದು ಗೇಣು ಆಳ ಕೊಯ್ದರೆ ಇನ್ನೂರು ವರ್ಷಕ್ಕೂ ಮೇಲೆ. ಇಲ್ಲಿನ ಕ್ರೋಹನ್ ಗುಡ್ಡದ ಹತ್ತಿರದ ಜವುಗಿನಲ್ಲಿ 2003ರಲ್ಲಿ ಎರಡು ಸಾವಿರ ವರ್ಷಕ್ಕಿಂತ ಹಳೆಯ ಮನುಷ್ಯನ ದೇಹ ಸಿಕ್ಕಿತು. ಡಬ್ಲಿನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಕೈ ಎಷ್ಟು ಚೆನ್ನಾಗಿ ಉಳಿದಿದೆ ಅಂದರೆ ಉಗುರು, ಚರ್ಮದ ಗೆರೆ ಎಲ್ಲ ಕಾಣುತ್ತೆ. ಉಗುರು ನೋಡಿ, ಈತ ಮೈಮುರಿದು ದುಡಿದವನಲ್ಲ ಅಂತ ತಜ್ಞರು ಹೇಳಿದ್ದಾರೆ. ಅವನ ಮನೆಯ ಬೂದಿ ಬೇರೆ ಯಾರೋ ತೆಗೀತಿದ್ದಿರಬೇಕು.

ಭೂಮಿಯ ನೆಲದಲ್ಲಿ ಇಂಥ ಜವುಗು ಇರೋದು ನೂರಕ್ಕೆ ಮೂರು ಪಾಲು. ಜಗತ್ತಿನ ಕಾಡುಗಳೆಲ್ಲ ಸೇರಿ ಹಿಡಿದಿಟ್ಟುಕೊಂಡ ಇಂಗಾಲಕ್ಕಿಂತ ಹೆಚ್ಚು ಅದರಲ್ಲಿದೆ. ಒಣಗಿಸಿ ಒಲೆಗೆ ಹಾಕಿದರೆ ಒಂದು ಟನ್ ಟರ್ಫಿಗೆ ಒಂದೂ ಕಾಲು ಟನ್ನಿಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡು. ಅದೇ ಶಾಖಕ್ಕೆ ಕಲ್ಲಿದ್ದಲು ಕೂಡ ಇದಕ್ಕಿಂತ ಕಡಿಮೆ ಬಿಡುತ್ತೆ. ಸರ್ಕಾರಿ ಕಂಪನಿ ಬೋರ್ಡ್ ನಾ ಮೋನಾ ದಶಕಗಳ ಕಾಲ ಯಂತ್ರ ಹಚ್ಚಿ ಜವುಗು ಕೆರೆದು, 2021ರ ಜನವರಿಯಲ್ಲಿ ಇನ್ನು ಸಾಕು ಅಂತ ನಿಲ್ಲಿಸಿತು. ಸಂರಕ್ಷಿತ ಅಂತ ಗುರುತಿಸಿದ 53 ಜವುಗುಗಳಲ್ಲಿ ಕೊಯ್ಲನ್ನು ಮುಂಚೆಯೇ ನಿಲ್ಲಿಸಿದ್ದರು, ಅದಕ್ಕೆ ದೊಡ್ಡ ಜಗಳವೂ ಆಯಿತು. 2022ರ ಅಕ್ಟೋಬರ್ 31ರಿಂದ ಟರ್ಫನ್ನು ಅಂಗಡಿಯಲ್ಲಿ, ಜಾಹೀರಾತು ಕೊಟ್ಟು, ಇಂಟರ್ನೆಟ್ಟಿನಲ್ಲಿ ಮಾರೋ ಹಾಗಿಲ್ಲ. ಆದರೆ ತಲೆತಲಾಂತರದಿಂದ ಕೊಯ್ಯುವ ಹಕ್ಕು ಇರುವವರು ತಮಗಾಗಿ ಕೊಯ್ದುಕೊಳ್ಳಬಹುದು, ನೆರೆಯವರಿಗೆ ಕೊಡಬಹುದು.

ಆ ನೆರೆಯವರು ನಾವು.

ಪಕ್ಕದ ಮನೆಯವರಿಗೆ ಎಂಬತ್ತು ದಾಟಿದೆ. ಇಲ್ಲಿ ಎಷ್ಟೇ ವಯಸ್ಸಾದವರನ್ನೂ ಹೆಸರು ಹಿಡಿದೇ ಕರೀಬೇಕು, ನನಗೆ ಇವತ್ತಿಗೂ ಬಾಯಿ ಬರೋದಿಲ್ಲ. ಮಕ್ಕಳು ಟರ್ಫ್ ಅಜ್ಜ ಅಂತ ಕರೆದು ನನ್ನ ಕಷ್ಟ ಪರಿಹರಿಸಿದರು. ಅವರಿಗೆ ಜವುಗಿನಲ್ಲಿ ಅಪ್ಪನ ಕಾಲದ ಒಂದು ಪಟ್ಟಿ ಇದೆ. ಅಪ್ಪ ಸ್ಲಾನ್ ಎಂಬ ಉದ್ದ ಹಿಡಿಯ ಗುದ್ದಲಿಯಲ್ಲಿ ಕೊಯ್ತಿದ್ದರು, ಇವರು ಯಂತ್ರದವನನ್ನು ಕರೆಸ್ತಾರೆ. ಮೇ ತಿಂಗಳಲ್ಲಿ ಕೊಯ್ದು ಹಾಸಿದ್ದನ್ನು ಜೂನಿನಲ್ಲಿ ಐದೈದು ಆರಾರು ತುಂಡು ಒಂದಕ್ಕೊಂದು ಆನಿಸಿ ಗಾಳಿಯಾಡುವ ಹಾಗೆ ನಿಲ್ಲಿಸಬೇಕು. ಸೊಂಟ ಮುರಿಯುವ ಕೆಲಸ. ನಾವು ನಾಲ್ಕೂ ಜನ ಹೋಗ್ತೀವಿ, ಇನ್ನೆರಡು ಮನೆಯವರೂ ಬರ್ತಾರೆ. ಇದಕ್ಕೆ ಐರಿಷ್ ಭಾಷೆಯಲ್ಲಿ ಮೆಹೆಲ್ ಅನ್ನೋ ಪದ ಇದೆ. ನಮ್ಮ ಕಡೆ ಮುಯ್ಯಾಳು ಅಂತೀವಲ್ಲ, ಅದೇ. ನೀನು ನನ್ನ ಗದ್ದೆಗೆ ಬಾ, ನಾನು ನಿನ್ನ ಗದ್ದೆಗೆ ಬರ್ತೀನಿ. ಆಗಸ್ಟ್ ಕೊನೆಗೆ ಒಂದು ಟ್ರೇಲರ್ ತುಂಬ ಟರ್ಫ್ ನಮ್ಮ ಅಂಗಳಕ್ಕೆ ಬಂದು ಬೀಳುತ್ತೆ. ದುಡ್ಡಿನ ಮಾತೆತ್ತಿದರೆ ಅವರ ಮುಖ ಸಪ್ಪಗಾಗುತ್ತೆ. ನಮ್ಮ ಕಡೆಯಿಂದ ಅವರನ್ನು ಕಣ್ಣಿನ ತಪಾಸಣೆಗೆ ಕರ್ಕೊಂಡು ಹೋಗೋದು, ಪಿಂಚಣಿಯ ಫಾರಂ ತುಂಬೋದು, ಒಂದು ಡಬ್ಬಿ ಕೊಬ್ಬರಿ ಮಿಠಾಯಿ.

ಈಗ ಪ್ರಶ್ನೆ. ಪ್ರೀತಿಯಿಂದ ಕೊಟ್ಟ ಈ ಟ್ರೇಲರನ್ನು ತಗೋಬಹುದಾ?

ಕಾನೂನು ತಗೋ ಅನ್ನುತ್ತೆ. ಕಾನೂನಿನ ಮಾತು ಅಲ್ಲಿಗೆ ಮುಗಿಯುತ್ತೆ, ನನ್ನ ಮಾತು ಮುಗಿಯೋದಿಲ್ಲ. ಮಗಳು ಶಾಲೆಯಲ್ಲಿ ಜವುಗಿನ ಬಗ್ಗೆ ಪ್ರಾಜೆಕ್ಟ್ ಮಾಡಿದಾಗ ಕ್ಲಾರಾ ಜವುಗಿಗೆ ಕರ್ಕೊಂಡು ಹೋಗಿದ್ದರು. ಬಹುಮಟ್ಟಿಗೆ ಹಾಗೇ ಉಳಿಸಿಕೊಂಡ ಜವುಗು ಅದು, ಹಲಗೆ ಹಾಸಿದ ದಾರಿಯಲ್ಲೇ ನಡೀಬೇಕು. ಅವಳು ಬಂದವಳೇ ಒಲೆಯ ಮುಂದೆ ಬೆನ್ನು ಕಾಯಿಸಿಕೊಂಡು ನಿಂತು, "ಅಮ್ಮಾ, ನಾವು ಅದನ್ನೇ ಉರಿಸ್ತಿದ್ದೀವಲ್ಲ?" ಅಂದಳು. ಬೆನ್ನು ಮಾತ್ರ ಸರಿಸಲಿಲ್ಲ. ಆ ಭಂಗಿಯಲ್ಲಿ ನಮ್ಮ ಕಾಲದ ನೀತಿಶಾಸ್ತ್ರ ಪೂರ್ತಿ ಇದೆ ಅಂತ ನನಗನ್ನಿಸಿತು.

ಬೇಡ ಅನ್ನೋದು ಸುಲಭ ಅಂದುಕೊಳ್ಳಬೇಡಿ. ಬೇಡ ಅಂದರೆ ಅವರಿಗೆ ಕೇಳಿಸೋದು ಟರ್ಫ್ ಬೇಡ ಅಂತ ಅಲ್ಲ. ಯಾವುದೋ ದೇಶದಿಂದ ಬಂದು ಮನೆ ಮಾಡಿದವರು, ನಾನು ಹುಟ್ಟಿದಾಗಿಂದ ಮಾಡ್ಕೊಂಡು ಬಂದಿದ್ದು ತಪ್ಪು ಅಂತ ನನಗೇ ಹೇಳ್ತಿದ್ದಾರೆ ಅಂತ. ಅದೂ ಯಾರು ಹೇಳೋದು? ಎರಡು ವರ್ಷಕ್ಕೊಮ್ಮೆ ನಾಲ್ಕು ಟಿಕೆಟ್ ಮಾಡಿಸಿ ಬೆಂಗಳೂರಿಗೆ ಹಾರುವವರು. ಆ ಒಂದು ಪ್ರಯಾಣದ ಹೊಗೆ ಒಂದು ಟ್ರೇಲರ್ ಟರ್ಫಿನ ಹೊಗೆಗಿಂತ ಕಡಿಮೆಯೇನಲ್ಲ. ಟರ್ಫ್ ಅಜ್ಜ ಜೀವಮಾನದಲ್ಲಿ ಎರಡು ಸಲ ವಿಮಾನ ಹತ್ತಿದ್ದಾರಂತೆ, ಎರಡೂ ಸಲ ಲೂರ್ದ್‌ಗೆ, ಹರಕೆ ತೀರಿಸೋಕೆ. ಸರ್ಕಾರದ ಯಂತ್ರಗಳು ಮೈಲಿಗಟ್ಟಲೆ ಕೆರೆದದ್ದರ ಮುಂದೆ ಅವರ ಪಟ್ಟಿ ಒಂದು ಅಂಗೈ. ಪುಟ್ಟವನನ್ನು ಹಿಡಿದು ನೀತಿ ಹೇಳೋದು ಯಾವಾಗಲೂ ಸಲೀಸು, ಅವನು ಕೈಗೆ ಸಿಗ್ತಾನೆ.

ಆದರೆ ಈ ವಾದವನ್ನು ಕೊನೇತನಕ ಎಳೆದರೆ ಯಾರೂ ಏನೂ ಮಾಡಬೇಕಾಗಿಲ್ಲ ಅಂತಾಗುತ್ತೆ. ನನಗಿಂತ ದೊಡ್ಡ ಪಾಪಿ ಎಲ್ಲರಿಗೂ ಒಬ್ಬ ಸಿಕ್ಕೇ ಸಿಗ್ತಾನೆ. ವಿಮಾನದ ಲೆಕ್ಕ ತೋರಿಸಿ ಒಲೆಯ ಲೆಕ್ಕ ಮುಚ್ಚೋದು, ಒಂದು ಅಂಗಡಿಯ ಸಾಲ ತೋರಿಸಿ ಇನ್ನೊಂದು ಅಂಗಡಿಯ ಸಾಲ ಕೊಡೋಲ್ಲ ಅಂದ ಹಾಗೆ. ಎರಡೂ ಕೊಡಬೇಕಾದ್ದೇ.

ಒಲೆಯ ಪರವಾಗಿ ಇನ್ನೊಂದು ಗಟ್ಟಿ ಮಾತಿದೆ, ಅದನ್ನು ಹೇಳದಿದ್ದರೆ ಅನ್ಯಾಯ. 2025ರ ಜನವರಿ 24ರಂದು ಏಯೋವಿನ್ ಬಿರುಗಾಳಿ ಬಂತು. ಗಂಟೆಗೆ 184 ಕಿಲೋಮೀಟರ್ ಗಾಳಿ, ಈ ದೇಶದ ದಾಖಲೆ. ಏಳು ಲಕ್ಷ ಅರವತ್ತೆಂಟು ಸಾವಿರ ಕಡೆ ಕರೆಂಟು ಹೋಯಿತು. ಕೆಲವು ಹಳ್ಳಿಗಳಿಗೆ ವಾರಗಟ್ಟಲೆ ಬರಲಿಲ್ಲ. ನಮ್ಮಲ್ಲಿ ಐದು ದಿನ. ಕರೆಂಟಿಲ್ಲದಿದ್ದರೆ ನೀರು ತಿರುಗಿಸುವ ಪಂಪ್ ನಿಲ್ಲುತ್ತೆ, ಹಾಗಾಗಿ ಬೆಂಕಿ ಸಣ್ಣಗೇ ಇಡಬೇಕು. ಆದರೂ ಒಂದು ಕೋಣೆ ಬೆಚ್ಚಗಿತ್ತು, ಗಂಜಿ ಬೇಯ್ತಿತ್ತು. ರಸ್ತೆಯಾಚೆ ಹೊಸ ಮನೆ ಕಟ್ಟಿ ಹೀಟ್ ಪಂಪ್ ಹಾಕಿಸಿಕೊಂಡವರು ಕೂಸನ್ನು ಎತ್ತಿಕೊಂಡು ಬಂದು ಮೂರು ರಾತ್ರಿ ನಮ್ಮ ಅಡುಗೆಮನೆಯಲ್ಲೇ ಮಲಗಿದರು. ಆ ಮೂರು ರಾತ್ರಿ ಯಾರೂ ಇಂಗಾಲದ ಮಾತಾಡಲಿಲ್ಲ. ಚಳಿಯಲ್ಲಿ ನಡುಗುವ ಕೂಸಿನ ಮುಂದೆ ಆಡೋ ಮಾತೂ ಅಲ್ಲ.

ಹಾಗಂತ ಆ ಮೂರು ರಾತ್ರಿಯನ್ನು ಮುಂದಿಟ್ಟುಕೊಂಡು ಉಳಿದ ಇನ್ನೂರು ರಾತ್ರಿ ಉರಿಸೋದನ್ನು ಒಪ್ಪೋಕೂ ಆಗೋದಿಲ್ಲ. ಇಷ್ಟು ಯೋಚಿಸಿದ ಮೇಲೆ ಹಿಡಿಯೋಕೆ ಒಂದು ತುದಿ ಸಿಕ್ಕಿತು. ಒಲೆಯಿಂದ ಸಿಗುವ ಎಲ್ಲವನ್ನೂ ನಾವು 'ಬೆಚ್ಚಗೆ' ಅನ್ನೋ ಒಂದೇ ಪದದಲ್ಲಿ ಕಟ್ಟಿ ಇಡ್ತೀವಿ. ಬಿಚ್ಚಿ ನೋಡಿದರೆ ಒಳಗೆ ಬೇರೆ ಬೇರೆ ಸಾಮಾನಿದೆ. ಕೂಸು ಬದುಕಬೇಕಾದ ಶಾಖ ಒಂದು. ಮಗ ಅಡುಗೆಮನೆಗೆ ಬಂದು ಕೂರೋದು ಇನ್ನೊಂದು. ಅಜ್ಜನ ಜೊತೆಗಿನ ಮುಯ್ಯಿ ಮತ್ತೊಂದು. ಯಾರೂ ಮಲಗದ ಮೇಲಿನ ಕೋಣೆಯ ರೇಡಿಯೇಟರು, ಅಟ್ಟದ ಸಂದಿಯಿಂದ ಆಕಾಶಕ್ಕೆ ಹೋಗೋ ಶಾಖ, ಹೊರಗೆ ಹನ್ನೆರಡು ಡಿಗ್ರಿ ಇರುವ ಏಪ್ರಿಲಿನಲ್ಲೂ ಅಭ್ಯಾಸಕ್ಕೆ ಹಾಕುವ ಬುಟ್ಟಿ, ಇವೂ ಅದೇ ಗಂಟಿನಲ್ಲಿ ನುಸುಳಿವೆ. ಮೊದಲಿನ ಮೂರರ ಹೆಸರು ಹೇಳಿಕೊಂಡು ಕೊನೆಯ ಮೂರು ಊಟ ಮಾಡ್ತಿವೆ. ಜವುಗಿನ ಇನ್ನೂರು ವರ್ಷವನ್ನು ಒಂದು ಕೂಸಿಗೆ ಕೊಡಬಹುದು. ಖಾಲಿ ಕೋಣೆಗೆ ಕೊಡೋಕೆ ನನಗೆ ಮನಸ್ಸಿಲ್ಲ.

ಹೀಟ್ ಪಂಪ್ ಹಾಕಿಸಿದರೆ ಎಲ್ಲ ಮುಗೀತಲ್ಲ ಅನ್ನುವವರಿದ್ದಾರೆ. ಒಳ್ಳೆಯ ಯಂತ್ರವೇ. ಫ್ರಿಜ್ಜನ್ನು ತಿರುವಿ ಇಟ್ಟ ಹಾಗೆ, ಹೊರಗಿನ ತಣ್ಣನೆ ಗಾಳಿಯಲ್ಲಿರೋ ಶಾಖವನ್ನೇ ಹಿಂಡಿ ಒಳಗೆ ತರುತ್ತೆ. ಒಂದು ಯೂನಿಟ್ ವಿದ್ಯುತ್ತಿಗೆ ಮೂರರಷ್ಟು ಶಾಖ ಸಿಗುತ್ತೆ. ಆದರೆ ಗಾಳಿ ಸೋರುವ ಹಳೇ ಕಲ್ಲಿನ ಮನೆಗೆ ಅದನ್ನು ಹಾಗೇ ತಂದು ಕೂರಿಸಿದರೆ ಪ್ರಯೋಜನವಿಲ್ಲ. ಮೊದಲು ಗೋಡೆ, ಮಾಡು, ನೆಲ ಎಲ್ಲಕ್ಕೂ ಹೊದಿಕೆ ಹಾಕಿಸಬೇಕು. ಸರ್ಕಾರದ ಸಹಾಯಧನ ಕಳೆದ ಮೇಲೂ ಹತ್ತಾರು ಸಾವಿರ ಯೂರೋ. ನಮಗೆ ಇನ್ನೈದಾರು ವರ್ಷಕ್ಕೆ ಆದೀತು. ಅಜ್ಜನಂಥವರಿಗೆ ಈ ಜನ್ಮದಲ್ಲಿ ಆಗೋ ಮಾತಲ್ಲ. ಆಯ್ಕೆ ಇರುವವರ ಜವಾಬ್ದಾರಿಯೂ ಆಯ್ಕೆ ಇಲ್ಲದವರ ಜವಾಬ್ದಾರಿಯೂ ಒಂದೇ ಅಲ್ಲ, ಇಷ್ಟು ಮಾತ್ರ ನಾನು ಖಚಿತವಾಗಿ ಹೇಳಬಲ್ಲೆ. ನಾವು ಆಯ್ಕೆ ಇರುವವರು. ನಿಧಾನಕ್ಕೆ ಬರುವ ಆಯ್ಕೆ, ಆದರೂ ಇದೆ.

ಹೋದ ಚಳಿಗಾಲಕ್ಕೆ ಮುಂಚೆ ಅಟ್ಟಕ್ಕೆ ಒಂದು ಅಡಿ ದಪ್ಪ ಉಣ್ಣೆಯಂಥ ಹೊದಿಕೆ ಹಾಸಿದೆವು. ಅಜ್ಜನೇ ಏಣಿ ಹಿಡಿದು ನಿಂತಿದ್ದರು, ಮೇಲೆ ಹತ್ತೋಕೂ ನೋಡಿದರು, ಬಿಡಲಿಲ್ಲ. ಮೇಲಿನ ಎರಡು ರೇಡಿಯೇಟರು ಮುಚ್ಚಿದೆವು. ಯಾರೂ ಹೆಪ್ಪುಗಟ್ಟಲಿಲ್ಲ. ಮಾರ್ಚ್ ಕೊನೆಗೆ ಕೊಟ್ಟಿಗೆಯಲ್ಲಿ ನೋಡಿದರೆ ಟರ್ಫು ಇನ್ನೂ ಸೊಂಟದ ಮಟ್ಟಕ್ಕಿತ್ತು. ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಹಂಗಾದ್ರೆ ಬೂದಿನೂ ಕಮ್ಮಿ ಆಗಿರ್ಬೇಕು" ಅಂದಳು. ಆಗಿತ್ತು. ಈಗ ವಾರದಲ್ಲಿ ಮೂರು ದಿನ ಬೂದಿ ಮಗನದು.

ಮೇ ಮೊದಲ ವಾರ ಅಜ್ಜ ಬೇಲಿಯ ಹತ್ತಿರ ನಿಂತು ಕೇಳಿದರು, ಯಂತ್ರದವನಿಗೆ ಹೇಳಬೇಕು, ಈ ಸಲ ಎಷ್ಟು ಹಾಕಿಸಲಿ ಅಂತ. ಅರ್ಧ ಸಾಕು, ಇನ್ನೂ ಉಳಿದಿದೆ ಅಂದೆ. ಅವರು ನಮ್ಮ ಮಾಡಿನ ಕಡೆ ಒಂದು ಸಲ ನೋಡಿದರು. ಕಾರಣ ಕೇಳಲಿಲ್ಲ. ಹಾಗಾದರೆ ಆಚೆ ಬದಿಯ ಪಟ್ಟಿ ಈ ವರ್ಷ ಮುಟ್ಟೋದು ಬೇಡ, ಹಾಗೇ ಬಿಡೋಣ ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಅರ್ಧವೇ ಆದರೂ ಜೂನಿನಲ್ಲಿ ನಿಲ್ಲಿಸೋಕೆ ನೀವು ನಾಲ್ಕೂ ಜನ ಬರಬೇಕು, ಹುಡುಗ ಫೋನ್ ಮನೆಯಲ್ಲಿಟ್ಟು ಬರಲಿ ಅಂದರು. ಬರ್ತೀವಿ ಅಂದೆ. ಮಿಠಾಯಿ ಡಬ್ಬಿ ಖಾಲಿಯಾಗಿದೆ ಅಂತಲೂ ನೆನಪಿಸಿದರು.